ಸವೆದ ಕೀಲಿಗಳಿಗೆ ಮರುಜೀವ

ಪಿಯಾನೊ ಎಂದೊಡನೆ ಅದು ಪಾಶ್ಚಾತ್ಯರ, ಅದರಲ್ಲೂ ಸಿರಿವಂತರ ಮನೆಯ ವಾದ್ಯವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ರಾವಂದೂರು, ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಕುಟುಂಬಗಳಿಗೆ ಹತ್ತಿರವಾದುದು ಹಾರ್ಮೋನಿಯಂ. ಗಾಯನವೃಂದದ ಮಕ್ಕಳು ಬೆರಳಿಟ್ಟು ಕಲಿಯುವುದೂ ಅದರ ಮೇಲೆಯೇ. ಆದರೆ ಮೈಸೂರಿಗೂ ಪಿಯಾನೊಗೂ ಇರುವ ನಂಟು ಅಲ್ಪವಾದುದಲ್ಲ.

ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ್ (1919–1974) ಅವರು ಕರ್ನಾಟಕ ಸಂಗೀತದಲ್ಲಿ ಕೀರ್ತನೆಗಳನ್ನು ರಚಿಸಿದ ವಾಗ್ಗೇಯಕಾರರೆಂಬುದು ಎಲ್ಲರಿಗೂ ಗೊತ್ತು. ಅವರು ಪಿಯಾನೊ ವಾದನದಲ್ಲಿಯೂ ಪರಿಶ್ರಮವುಳ್ಳವರಾಗಿದ್ದು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ. ಅವರ ಅರಮನೆಯಲ್ಲಿ ದೊಡ್ಡ ಗ್ರ್ಯಾಂಡ್ ಪಿಯಾನೊಗಳು ಹಲವಿದ್ದವೆಂದು, ಅತಿಥಿಯಾಗಿ ಬಂದಿದ್ದ ಫಿಲ್‌ಹಾರ್ಮೋನಿಯ ವಾದ್ಯವೃಂದದ ಸ್ಥಾಪಕ ವಾಲ್ಟರ್ ಲೆಗ್ ನೆನಪಿಸಿಕೊಂಡಿದ್ದಾರೆ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ವೃದ್ಧಾಪ್ಯದಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದಾಗ, ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣವಿತ್ತವರು ನಮ್ಮ ಮಹಾರಾಜರು. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಅವರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ಬೆರಳುಗಳು ಏನು ನುಡಿದವೆಂಬುದನ್ನು ಇಂದಿಗೂ ಕೇಳಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಮೈಸೂರಿನ ಔದಾರ್ಯದಿಂದ.

ಇಂಥ ನಾಡಿನಲ್ಲಿ ಹಳೆಯ ಪಿಯಾನೊಗಳ ಗತಿಯೇನಾಗಬೇಕು ಎಂಬುದು ನಾವು ಯೋಚಿಸಬೇಕಾದ ಮಾತು. ಹಳೆಯ ಕಾನ್ವೆಂಟುಗಳ ಸಭಾಂಗಣದಲ್ಲಿಯೋ ಕೊಡಗಿನ ತೋಟದ ಬಂಗಲೆಯಲ್ಲಿಯೋ ಒಂದು ಗ್ರ್ಯಾಂಡ್ ಪಿಯಾನೊ ಹೂಕುಂಡಗಳನ್ನೂ ಚೌಕಟ್ಟಿನ ಚಿತ್ರಗಳನ್ನೂ ಹೊತ್ತು ನಿಂತಿರುತ್ತದೆ. ಮುಚ್ಚಳ ತೆಗೆದು ಒತ್ತಿದರೆ ಕೆಲವು ಕೀಲಿಗಳು ಕೆಳಗಿಳಿದು ಮೇಲೇಳವು, ಕೆಲವು ಹಲ್ಲು ಸಡಿಲಾದಂತೆ ಅತ್ತಿತ್ತ ಅಲುಗುವವು, ಇನ್ನು ಕೆಲವು ನಾದಕ್ಕೆ ಮೊದಲು ಕಟಕಟ ಸದ್ದು ಮಾಡುವವು. "ಇದರ ಕಾಲ ಮುಗಿಯಿತು" ಎಂದು ಮನೆಯವರು ನಿರ್ಧರಿಸಿಬಿಡುತ್ತಾರೆ. ಮುಂದಿನ ಹೆಜ್ಜೆ ಮರದ ಬೆಲೆಗೆ ಮಾರಾಟ. ಆದರೆ ಮೇಲೆ ಹೇಳಿದ ದೋಷಗಳಲ್ಲಿ ಬಹುಪಾಲು ಸಾವಿನ ಲಕ್ಷಣಗಳಲ್ಲ, ಸವೆತದ ಲಕ್ಷಣಗಳು. ಇವೆರಡರ ಭೇದವನ್ನು ಅರಿಯದೆ ತೀರ್ಪು ಕೊಡುವುದು ಸಲ್ಲದು.

ಏತದಂಥ ಕೀಲಿ

ಕೀಲಿಯನ್ನು ಒತ್ತಿದಾಗ ಒಳಗೆ ನಡೆಯುವುದೇನು? ನಮ್ಮ ಹಿರಿಯರು ಬಾವಿಯಿಂದ ನೀರೆತ್ತುತ್ತಿದ್ದ ಏತವನ್ನು ನೆನೆಯಿರಿ. ಒಂದು ತುದಿ ಕೆಳಗಿಳಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಪಿಯಾನೊದ ಕೀಲಿಯೂ ಹಾಗೆಯೇ. ನಮ್ಮ ಕಣ್ಣಿಗೆ ಬೀಳುವುದು ಅದರ ಮುಂತುದಿ ಮಾತ್ರ. ಒಳಗೆ ಚಾಚಿಕೊಂಡಿರುವ ಮರದ ಪಟ್ಟಿಯು ನಡುವೆ ಒಂದು ಲೋಹದ ಮೊಳೆಯ ಮೇಲೆ ತೂಗುತ್ತದೆ. ಹಿಂತುದಿ ಮೇಲೆದ್ದು, ಜ್ಯಾಕ್ ಎಂಬ ಪುಟ್ಟ ಊರುಗೋಲನ್ನು ತಳ್ಳುತ್ತದೆ. ಜ್ಯಾಕ್ ಸುತ್ತಿಗೆಯ ಬುಡದ ಚರ್ಮದ ಉರುಳೆಯನ್ನು ತಳ್ಳುತ್ತದೆ. ಸುತ್ತಿಗೆಯು ತಂತಿಗೆ ಇನ್ನೇನು ತಗುಲಬೇಕು ಎನ್ನುವಾಗ, ಸುಮಾರು ಎರಡು ಮಿಲಿಮೀಟರ್ ದೂರವಿರುವಂತೆ, ಜ್ಯಾಕ್ ತಟ್ಟನೆ ಜಾರಿಕೊಳ್ಳುತ್ತದೆ. ಉಳಿದ ದೂರವನ್ನು ಸುತ್ತಿಗೆ ತನ್ನ ವೇಗದಿಂದಲೇ ಕ್ರಮಿಸಿ, ತಂತಿಯನ್ನು ಬಡಿದು, ಹಿಂದಕ್ಕೆ ಬೀಳುತ್ತದೆ. ಹಾಗೆ ಜಾರದಿದ್ದರೆ ಸುತ್ತಿಗೆ ತಂತಿಗೆ ಅಂಟಿಕೊಂಡು ನಾದವನ್ನೇ ಉಸಿರುಗಟ್ಟಿಸುತ್ತಿತ್ತು.

ಈ ಉಪಾಯವನ್ನು 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಕಂಡುಹಿಡಿದವನು ಬಾರ್ತೊಲೊಮೆಯೊ ಕ್ರಿಸ್ತೊಫೊರಿ. 1821ರಲ್ಲಿ ಪ್ಯಾರಿಸ್ಸಿನ ಸೆಬಾಸ್ಟಿಯನ್ ಎರಾರ್ ಇದಕ್ಕೆ ಇನ್ನೊಂದು ಸನ್ನೆಗೋಲನ್ನೂ ಸ್ಪ್ರಿಂಗನ್ನೂ ಸೇರಿಸಿ, ಕೀಲಿ ಪೂರ್ತಿ ಮೇಲೇಳುವ ಮೊದಲೇ ಮತ್ತೆ ನುಡಿಸಬಹುದಾದ ವ್ಯವಸ್ಥೆಯನ್ನು ರೂಪಿಸಿದ. ಇಂದಿನ ಗ್ರ್ಯಾಂಡ್ ಪಿಯಾನೊಗಳಲ್ಲಿ ಇರುವುದು ಮೂಲತಃ ಇದೇ. 88 ಕೀಲಿಗಳಿಗೂ ಇಂಥ ಒಂದೊಂದು ಯಂತ್ರವಿದ್ದು, ಒಟ್ಟು ಬಿಡಿಭಾಗಗಳು ಸಾವಿರಾರು.

ಸವೆಯಲೆಂದೇ ಇಟ್ಟದ್ದು

ಮರವು ಮರಕ್ಕೆ, ಲೋಹವು ಮರಕ್ಕೆ ತಗುಲುವ ಪ್ರತಿಯೊಂದು ಸ್ಥಳದಲ್ಲಿಯೂ ತಯಾರಕನು ಉಣ್ಣೆಯ ಬಟ್ಟೆಯನ್ನೋ ಚರ್ಮವನ್ನೋ ಒತ್ತಿದ ಉಣ್ಣೆಯಾದ ಫೆಲ್ಟನ್ನೋ ಇಟ್ಟಿರುತ್ತಾನೆ. ಇದರ ಕೆಲಸ ಎರಡು: ಸದ್ದನ್ನು ನುಂಗುವುದು ಮತ್ತು ಮರದ ಬದಲಿಗೆ ತಾನು ಸವೆಯುವುದು. ಆದುದರಿಂದ ಉಣ್ಣೆ ಸವೆದಿದೆಯೆಂದರೆ ಅದು ತನ್ನ ಕರ್ತವ್ಯವನ್ನು ನೆರವೇರಿಸಿದೆಯೆಂದೇ ಅರ್ಥ. ಅದನ್ನು ಬದಲಿಸದೆ ನುಡಿಸುತ್ತ ಹೋದಾಗ ಮಾತ್ರ ಮೊಳೆಯು ಮರವನ್ನೇ ಕೊರೆಯತೊಡಗುತ್ತದೆ.

ನಮ್ಮ ಸೀಮೆಯಲ್ಲಿ ಹವೆಯೂ ಇದಕ್ಕೆ ಕೈಜೋಡಿಸುತ್ತದೆ. ಮುಂಗಾರಿನ ತೇವಕ್ಕೆ ಉಣ್ಣೆ, ಮರಗಳು ಉಬ್ಬಿ ಕೀಲಿ ಬಿಗಿಯುತ್ತದೆ. ಮಾರ್ಚ್–ಏಪ್ರಿಲ್‌ನ ಬಿಸಿಲಿಗೆ ಒಣಗಿ ಸಡಿಲವಾಗುತ್ತದೆ. ಶುಭಸಂದೇಶದಲ್ಲಿ ಹೆಸರಿಸಿರುವ ನುಸಿ ಮತ್ತು ತುಕ್ಕು ಇವೆರಡಕ್ಕೂ ಪಿಯಾನೊದಲ್ಲಿ ಬೇಕಾದಷ್ಟು ಆಹಾರವುಂಟು: ನುಸಿಗೆ ಉಣ್ಣೆ, ತುಕ್ಕಿಗೆ ತಂತಿ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕಂಬಳಿಗೆ ಆಗುವುದೇ, ಮುಚ್ಚಿಟ್ಟ ಪಿಯಾನೊಗೂ ಆಗುತ್ತದೆ.

ದುರಸ್ತಿಯ ಕ್ರಮ

ಗ್ರ್ಯಾಂಡ್ ಪಿಯಾನೊದ ಒಂದು ಅನುಕೂಲವೆಂದರೆ, ಎರಡು ಬದಿಯ ಮರದ ತುಂಡುಗಳನ್ನೂ ಮುಂಭಾಗದ ಪಟ್ಟಿಯನ್ನೂ ಬಿಚ್ಚಿದರೆ ಕೀಲಿಮಣೆಯು ಯಂತ್ರಸಹಿತ ಮೇಜಿನ ಖಾನೆಯಂತೆ ಹೊರಬರುತ್ತದೆ. ಹೊರಗೆಳೆಯುವಾಗ ಕೈ ತಪ್ಪಿ ಒಂದು ಕೀಲಿ ಒತ್ತಿದರೂ ಮೇಲೆದ್ದ ಸುತ್ತಿಗೆಯ ಕಡ್ಡಿ ಚೌಕಟ್ಟಿಗೆ ಸಿಕ್ಕಿ ಮುರಿಯುತ್ತದೆ. ಅನುಭವವಿಲ್ಲದವರು ಇದಕ್ಕೆ ಕೈಹಾಕದಿರುವುದು ಒಳ್ಳೆಯದು.

ಮೊದಲು ಧೂಳು ತೆಗೆಯಬೇಕು. ಕೀಲಿಗಳಿಗೆ ಒಂದರಿಂದ 88ರವರೆಗೆ ಅಂಕಿಗಳಿದ್ದು, ಅದೇ ಕ್ರಮದಲ್ಲಿ ಅವನ್ನು ಹೊರತೆಗೆದಿಡಬೇಕು. ಮೊಳೆಗಳ ಕಿಲುಬನ್ನು ಉಜ್ಜಿ ತೆಗೆದ ಬಳಿಕ, ರಂಧ್ರಗಳ ಒಳಬದಿಯ ಹಳೆಯ ಬಟ್ಟೆಯನ್ನು ತೇವದ ಶಾಖದಿಂದ ಸಡಿಲಿಸಿ ಹೊಸತನ್ನು ಅಂಟಿಸಬೇಕು. ಹಿಂದಿನವರು ಬಳಸಿದ ಚರ್ಮದ ವಜ್ರವು ಶಾಖ, ತೇವಗಳಿಗೆ ಬಿಟ್ಟುಕೊಳ್ಳುತ್ತದೆ. ಮುಂದೊಂದು ದಿನ ಯಾರೋ ಇದನ್ನು ಮತ್ತೆ ಬಿಚ್ಚಬೇಕಾದೀತು ಎಂಬ ಎಚ್ಚರ ಅವರಿಗಿತ್ತು. ಇಂದಿನ ಬಿಡಲಾರದ ಅಂಟುಗಳಿಗೆ ಆ ಸೌಜನ್ಯವಿಲ್ಲ.

ತಂತಿಯ ಗುರುತು ಬಿದ್ದು ಗಟ್ಟಿಯಾದ ಸುತ್ತಿಗೆಯ ಫೆಲ್ಟನ್ನು ಮರಳುಕಾಗದದಿಂದ ಹದವಾಗಿ ಉಜ್ಜಿ, ಮೊದಲಿನ ಆಕಾರಕ್ಕೆ ತರಬಹುದು. ತೀರ ತೆಳುವಾಗಿದ್ದರೆ ಹೊಸ ಸುತ್ತಿಗೆಯೇ ಬೇಕು. ಅನಂತರ ಅಳತೆಯ ಕೆಲಸ. ಕೀಲಿಗಳ ಕೆಳಗೆ ತೆಳು ಕಾಗದದ ಬಿಲ್ಲೆಗಳನ್ನಿಟ್ಟು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬೇಕು. ಕೀಲಿ ಸುಮಾರು ಹತ್ತು ಮಿಲಿಮೀಟರ್ ಇಳಿಯಬೇಕು. ಸುತ್ತಿಗೆ ತಂತಿಯಿಂದ ಸುಮಾರು 45 ಮಿಲಿಮೀಟರ್ ಕೆಳಗಿರಬೇಕು. ಒಂದನ್ನು ತಿದ್ದಿದರೆ ಇನ್ನೊಂದು ಕದಲುತ್ತದೆ. ಆದಕಾರಣ ಇಡೀ ಸಾಲನ್ನು ಎರಡು ಮೂರು ಬಾರಿ ಮೊದಲಿನಿಂದ ನೋಡಿಕೊಂಡು ಬರಬೇಕು. ಇಲ್ಲಿ ತಾಳ್ಮೆಗೆ ಬದಲಿಯಾಗುವ ಉಪಕರಣವಿಲ್ಲ.

ಮನೆಯವರಿಗೆ ಒಂದು ಎಚ್ಚರಿಕೆಯ ಮಾತು. ಬಿಗಿದ ಕೀಲಿಗೆ ಕೊಬ್ಬರಿ ಎಣ್ಣೆಯನ್ನಾಗಲಿ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬಿಡಬೇಡಿ. ಉಣ್ಣೆಯು ಎಣ್ಣೆಯನ್ನು ಹೀರಿ ಧೂಳಿನೊಡನೆ ಜಿಡ್ಡುಗಟ್ಟಿದರೆ ಸಣ್ಣ ದೋಷವು ದೊಡ್ಡದಾಗುತ್ತದೆ.

ಬಿಳಿಯ ಕೀಲಿಗಳ ಋಣ

ಹಳೆಯ ಪಿಯಾನೊಗಳ ಬಿಳಿಯ ಕೀಲಿಗಳ ಮೇಲ್ಪದರವು ಅನೇಕ ವೇಳೆ ಆನೆಯ ದಂತ. ಹತ್ತೊಂಬತ್ತನೆಯ ಶತಮಾನದಲ್ಲಿ ಆಫ್ರಿಕದ ಅಸಂಖ್ಯ ಆನೆಗಳು ಇದಕ್ಕಾಗಿ ಬಲಿಯಾದವು. ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ 1971ರವರೆಗೂ ಖೆಡ್ಡಾ ನಡೆದುದನ್ನು ಬಲ್ಲ ನಮಗೆ, ಆನೆಯು ದೂರದ ಸಂಗತಿಯಲ್ಲ. ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು 1989ರಲ್ಲಿ ರಾಷ್ಟ್ರಗಳು ನಿರ್ಧರಿಸಿದವು. ನಮ್ಮ ದೇಶದ ಕಾನೂನೂ ಇದನ್ನು ನಿರ್ಬಂಧಿಸುತ್ತದೆ. ಹೊಸ ದಂತವನ್ನು ಯಾರೂ ಬಯಸಬಾರದು. ಆದರೆ ಇರುವುದನ್ನು ಕಿತ್ತೆಸೆಯುವುದರಿಂದ ಸತ್ತ ಆನೆ ಬದುಕುವುದಿಲ್ಲ. ಬಿಟ್ಟುಕೊಂಡ ಚೂರನ್ನು ಹಾಗೆಯೇ ಮರಳಿ ಅಂಟಿಸಿ, ಕಳೆದುಹೋದಲ್ಲಿ ಪ್ಲಾಸ್ಟಿಕ್ ಹಾಕಿದರೆ ಸಾಕು. ಮಕ್ಕಳಿಗೆ ಆ ಬಿಳುಪಿನ ಬೆಲೆಯನ್ನೂ ಹೇಳಬೇಕು.

ಅದೇ ವಾದ್ಯವೇ?

ಬಟ್ಟೆ, ಸುತ್ತಿಗೆ, ತಂತಿಗಳನ್ನೆಲ್ಲ ಬದಲಿಸಿದ ಮೇಲೆ ಅದು ಅಜ್ಜಿ ನುಡಿಸಿದ ಪಿಯಾನೊ ಎನ್ನಬಹುದೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಹಳೆಯದು. ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಥೀಸಿಯಸನ ಹಡಗು ಅದೇ ಹಡಗೆ ಎಂದು ಗ್ರೀಕರು ವಾದಿಸಿದ್ದುದನ್ನು ಪ್ಲುಟಾರ್ಕನು ಹೇಳುತ್ತಾನೆ. ನಮ್ಮ ವೈಣಿಕರಿಗೆ ಈ ಗೊಂದಲವಿಲ್ಲ. ವೀಣೆಯ ಮೇಣ ಸಡಿಲಿಸಿದರೆ ಹೊಸದಾಗಿ ಮೇಳ ಕಟ್ಟಿಸುತ್ತಾರೆ; ತಂತಿ ಹೋದರೆ ತಂತಿ ಹಾಕುತ್ತಾರೆ; ವೀಣೆ ಅದೇ. ಅರಿಸ್ಟಾಟಲನ ಪರಿಭಾಷೆಯಲ್ಲಿ ಹೇಳುವುದಾದರೆ, ದ್ರವ್ಯ ಬದಲಾದರೂ ರೂಪ ಉಳಿಯಿತು. ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂಬ ವಿವೇಕವೇ ದುರಸ್ತಿಗಾರನ ನಿಜವಾದ ವಿದ್ಯೆ.

ಈ ವಿವೇಕವು ಕೆಲವೊಮ್ಮೆ "ಬೇಡ" ಎಂದೂ ಹೇಳಬೇಕಾಗುತ್ತದೆ. ಕಬ್ಬಿಣದ ಚೌಕಟ್ಟು ಬಿರುಕುಬಿಟ್ಟಿದ್ದರೆ, ಇಲ್ಲವೆ ಬಿರಡೆಗಳನ್ನು ಹಿಡಿದಿರುವ ಹಲಗೆ ಒಡೆದು ಶ್ರುತಿ ನಿಲ್ಲದಿದ್ದರೆ, ಕೀಲಿಗಳಿಗಾಗಿ ಹಣ ಸುರಿಯುವುದು ವ್ಯರ್ಥ. ಆದುದರಿಂದ ಮೊದಲು ಈ ಎರಡನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಬಳಿಕ ಕೀಲಿಗಳ ಮಾತಿಗೆ ಬರಬೇಕು. ದುರಸ್ತಿಯಾದ ಮೇಲೆ ಗೋಡೆಯ ತೇವಕ್ಕೂ ಕಿಟಕಿಯ ಬಿಸಿಲಿಗೂ ದೂರವಿಟ್ಟು, ವರ್ಷಕ್ಕೊಮ್ಮೆಯಾದರೂ ಶ್ರುತಿ ಮಾಡಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಅದನ್ನು ನುಡಿಸಬೇಕು. ನುಡಿಸಿದರೆ ಸವೆಯುತ್ತದೆ, ನಿಜ. ಆದರೆ ನುಡಿಸುವ ಮನೆಯಲ್ಲಿ ದೋಷವು ಮೊದಲ ದಿನವೇ ಕಿವಿಗೆ ಬೀಳುತ್ತದೆ. ಮುಚ್ಚಿಟ್ಟ ಮನೆಯಲ್ಲಿ ನುಸಿಯೇ ಮೊದಲು ತಿಳಿಯುತ್ತದೆ. ಮನೆಯಲ್ಲಿ ಅಂಥ ವಾದ್ಯವಿರುವವರು, ಮಾರುವ ಮೊದಲು ಮುಚ್ಚಳ ತೆಗೆದು, ಒಂದೊಂದು ಕೀಲಿಯನ್ನೂ ಒತ್ತಿ, ಕೆಟ್ಟಿರುವವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ದುರಸ್ತಿಗಾರನು ಬಂದಾಗ ಮೊದಲು ಕೇಳುವುದು ಆ ಪಟ್ಟಿಯನ್ನೇ.