ಪದಕದ ಹಿಂದಿನ ಕತೆ ಮೊಮ್ಮಕ್ಕಳನ್ನು ತಲುಪಲಿ

ಕೊಡಗಿನ ಮನೆಗಳಲ್ಲಿ ಸಮವಸ್ತ್ರ ಧರಿಸಿದ ಹಿರಿಯರ ಭಾವಚಿತ್ರ ಕಾಣುವುದು ಅಪರೂಪವಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯ ಇದೇ ನೆಲದವರು. ಅವರ ಸಾಧನೆಗಳಿಗೆ ಇತಿಹಾಸದಲ್ಲಿ ಸ್ಥಾನ ದೊರೆತಿದೆ. ಆದರೆ ಸಿಪಾಯಿಯಾಗಿ, ಹವಾಲ್ದಾರರಾಗಿ, ಸುಬೇದಾರರಾಗಿ ಸೇವೆ ಸಲ್ಲಿಸಿ ಊರಿಗೆ ಮರಳಿದ ಅಜ್ಜಂದಿರ ಅನುಭವಗಳಿಗೆ ಮನೆಯವರ ನೆನಪೇ ಆಸರೆ.

ಕಂಡವರ ಮಾತು ದೊರೆಯದಿದ್ದರೆ ಎಂಥ ಶೌರ್ಯವೂ ಮರೆಯಾಗಬಲ್ಲದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ತೆರಳಿದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಹಿಂದಿರುಗಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದ ಸಂಗತಿ ಆಗ ಭಾರತಕ್ಕೆ ತಿಳಿಯಲಿಲ್ಲ. ಎದುರು ಪಕ್ಷದ ವಿವರಗಳು ಹೊರಬಂದ ಮೇಲಷ್ಟೇ ಸತ್ಯ ಬೆಳಕಿಗೆ ಬಂದಿತು. ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ.

ಇಂದು 1965ರ ಸಮರದಲ್ಲಿ ಪಾಲ್ಗೊಂಡವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ ಅಥವಾ ಅದನ್ನು ದಾಟಿದ್ದಾರೆ. 1971ರ ಯುದ್ಧದ ಯೋಧರಿಗೂ ಎಪ್ಪತ್ತು ಮೀರಿದೆ. ಕೇಳುವ ಕಾಲ ಇದೇ.

ಇದಕ್ಕೆ ಅನುಕೂಲವಾದ ಸಂದರ್ಭಗಳನ್ನು ಕೊಡವ ಸಂಸ್ಕೃತಿಯೇ ಒದಗಿಸಿದೆ. ಒಕ್ಕದ ಮೂಲಮನೆ ಐನ್‌ಮನೆ. ಹಿರಿಯರ ಸ್ಮರಣೆ ನಡೆಯುವ ತಾಣವೂ ಅದೇ. ನಾಟಿ ಕೆಲಸ ಮುಗಿದ ಬಳಿಕ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ದೂರದ ನಗರಗಳಿಂದ ಬಂದ ಮೊಮ್ಮಕ್ಕಳು ಅಜ್ಜನ ಬಳಿ ಕುಳಿತು ಮಾತಿಗೆಳೆಯಲು ಇಂಥ ದಿನಗಳು ಪ್ರಶಸ್ತ.

ಕೇಳುವುದಕ್ಕೂ ಒಂದು ಕ್ರಮವಿದೆ. ಎಷ್ಟು ಶತ್ರುಗಳನ್ನು ಕೊಂದಿರಿ ಎಂಬ ಪ್ರಶ್ನೆ ಬೇಡ. ಅದು ಹಳೆಯ ಗಾಯವನ್ನು ಕೆದಕೀತು. ಸೇನೆಗೆ ಸೇರಿದ ದಿನ, ಉಂಡ ಊಟ, ಸಹಿಸಿದ ಚಳಿ, ಮನೆಯಿಂದ ಬಂದ ಪತ್ರ, ಜತೆಗಿದ್ದ ಸ್ನೇಹಿತ, ಇಂಥವುಗಳಿಂದ ಮಾತು ಆರಂಭವಾಗಲಿ. ಅಜ್ಜ ಮೌನವಾದರೆ ಆ ಮೌನವನ್ನೂ ಗೌರವಿಸಬೇಕು. ಅಜ್ಜಿಯನ್ನು ಮರೆಯಬಾರದು, ಸುದ್ದಿಯಿಲ್ಲದೆ ಕಳೆದ ದಿನಗಳಲ್ಲಿ ಗದ್ದೆ, ತೋಟ, ಮಕ್ಕಳನ್ನು ನೋಡಿಕೊಂಡವರ ಕತೆಯೂ ಯುದ್ಧದ ಕತೆಯೇ.

ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ದಿನಾಂಕದೊಡನೆ ಬರೆದಿಡಿ. ಭಾವಚಿತ್ರದಲ್ಲಿರುವವರ ಹೆಸರುಗಳನ್ನು ಅಜ್ಜನಿಂದಲೇ ಕೇಳಿ ಗುರುತು ಹಾಕಿಕೊಳ್ಳಿ. ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ಯೋಧನ ಸೇವಾಸಂಖ್ಯೆ, ಹೆಸರು ಕೆತ್ತಿರುತ್ತವೆ. ಹೊಳಪಿಗಾಗಿ ಉಜ್ಜಿ ಅದನ್ನು ಅಳಿಸದಿರಿ. ನಿವೃತ್ತಿ ಪುಸ್ತಕದಲ್ಲಿ ರೆಜಿಮೆಂಟು, ಸೇವೆಯ ಅವಧಿ ದೊರೆಯುತ್ತವೆ. ಆದರೆ ಆ ಅವಧಿಯನ್ನು ಒಬ್ಬ ಮನುಷ್ಯ ಹೇಗೆ ಬಾಳಿದನೆಂಬುದು ಯಾವ ಕಡತದಲ್ಲಿಯೂ ಇರುವುದಿಲ್ಲ. ಅದನ್ನು ಅಜ್ಜನೇ ಹೇಳಬೇಕು, ಮೊಮ್ಮಕ್ಕಳೇ ಕೇಳಬೇಕು.