ಅಕ್ಕನ ಮಗಳು ಮತ್ತು ನನ್ನ ‘ಯಾಕೆ?’

ಕೋಡ್ ರಿವ್ಯೂನಲ್ಲಿ ‘ಯಾಕೆ’ ಅಂತ ಕೇಳದೆ ನಾನು ಏನನ್ನೂ ಒಪ್ಪಿದವನಲ್ಲ. ಕ್ಯಾಥೊಲಿಕ್ ಆಗಬೇಕೆಂದು ಭಾನುವಾರದ ಧರ್ಮೋಪದೇಶ ಕ್ಲಾಸಿಗೆ ಸೇರಿದ ಮೇಲೂ ಅದೇ ಚಾಳಿ. ಐವಿಎಫ್ ವಿಷಯ ಬಂದ ದಿನ ಮಾತ್ರ ಬಾಯಿ ಕಟ್ಟಿತು. ನನ್ನಕ್ಕನ ಮಗಳು ಹುಟ್ಟಿದ್ದೇ ಐವಿಎಫ್‌ನಿಂದ.

ಚರ್ಚ್ ‘ಬೇಡ’ ಅನ್ನುತ್ತೆ, ಅಷ್ಟೇ ಗೊತ್ತಿತ್ತು. ಕಾರಣ ಸಿಕ್ಕಿದ್ದು ವ್ಯಾಟಿಕನ್ 1987ರಲ್ಲಿ ಹೊರಡಿಸಿದ ‘ಡೋನುಮ್ ವೀಟೆ’ಯಲ್ಲಿ. ಲ್ಯಾಬ್‌ನಲ್ಲಿ ಹಲವು ಭ್ರೂಣ ಮಾಡಿ, ಮಿಕ್ಕಿದ್ದನ್ನು ಫ್ರೀಜ್ ಮಾಡೋದು, ಇಲ್ಲವೇ ಎಸೆಯೋದು. ಭ್ರೂಣವನ್ನು ಮೊದಲ ಕ್ಷಣದಿಂದಲೇ ಮನುಷ್ಯನಂತೆ ಗೌರವಿಸಬೇಕು ಅನ್ನುವವರು ಇದನ್ನು ಒಪ್ಪೋದು ಹೇಗೆ? ಇದು ನನಗೆ ಬೇಗ ಅರ್ಥವಾಯ್ತು.

ಇನ್ನೊಂದು ಕಾರಣ ಕಷ್ಟದ್ದು. ಒಂದೂ ಭ್ರೂಣ ಹಾಳಾಗದಿದ್ದರೂ ಬೇಡವಂತೆ. ಮಗು ಗಂಡ-ಹೆಂಡತಿಯ ಮಿಲನದಲ್ಲಿ ಹುಟ್ಟಬೇಕು, ಬೇರೆಯವರ ಕೈಯಲ್ಲಿ ತಯಾರಾಗಬಾರದು. ಮಗು ಯಾರ ಹಕ್ಕೂ ಅಲ್ಲ, ಕೊಡುಗೆ. ವಾದವೇನೋ ಗಟ್ಟಿ. ಆದರೆ ಎಂಟು ವರ್ಷ ಆಸ್ಪತ್ರೆ ಅಲೆದ ಅಕ್ಕ ‘ಹಕ್ಕು’ ಅಂತ ಎಂದೂ ಅಂದವಳಲ್ಲ. ಕಂಡ ದೇವರ ಮುಂದೆಲ್ಲ ಸೆರಗೊಡ್ಡಿದವಳು.

ಅದೇ ದಾಖಲೆ, ಹೀಗೆ ಹುಟ್ಟಿದ ಮಗುವೂ ದೇವರ ಕೊಡುಗೆಯೇ, ಪ್ರೀತಿಯಿಂದ ಬೆಳೆಸಿ ಅನ್ನುತ್ತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

“ಎರಡನೇ ಕಾರಣ ಇನ್ನೂ ತಲೆಗೆ ಹೋಗಿಲ್ಲ ಫಾದರ್, ಕ್ಲಾಸಿಗೆ ಬರ್ಲಾ?” ಅಂದೆ. “ಬಾ, ಕೇಳ್ತಾನೇ ಇರು” ಅಂದ್ರು. ಈಸ್ಟರ್ ಹಿಂದಿನ ರಾತ್ರಿ ದೀಕ್ಷಾಸ್ನಾನ. ಅಕ್ಕನಿಗೆ ಇನ್ನೂ ಹೇಳಿಲ್ಲ.