ಗುಂಟೆ ತಪ್ಪಿದರೆ ಗಣತಿಯೂ ತಪ್ಪೀತು

‘ನಿಮ್ದು ಹೊಲ ಎಷ್ಟೈತ್ರಿ?’

‘ಎರಡು ಎಕರೆ ಇಪ್ಪತ್ತು ಗುಂಟೆ ಐತ್ರಿ.’

ಹುನಗುಂದ–ಇಳಕಲ್ಲ ಸೀಮೆಯ ಮರೋಳದಲ್ಲಿ ಯಾವ ಕಟ್ಟೆಯ ಮೇಲೆ ಕುಳಿತು ಕೇಳಿದರೂ ಉತ್ತರ ಬರುವುದು ಹೀಗೆಯೇ. ಹೇಳಿದವರಿಗೂ ಕೇಳಿದವರಿಗೂ ಇದರಲ್ಲಿ ಗೊಂದಲವಿಲ್ಲ. ಗೊಂದಲ ಆರಂಭವಾಗುವುದು ಈ ಉತ್ತರವನ್ನು ಮೊಬೈಲ್ ಅಥವಾ ಗಣಕಯಂತ್ರದ ಪುಟ್ಟ ಚೌಕದೊಳಗೆ ಕೂಡ್ರಿಸುವಾಗ.

ಈಗ ಸಮೀಕ್ಷೆಗಳು ಕಾಗದ ಬಿಟ್ಟು ಗಾಜಿನ ಪರದೆಗೆ ಬರುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ಕರ್ನಾಟಕದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೆ ಹೋದದ್ದು ಮೊಬೈಲ್ ಹಿಡಿದುಕೊಂಡೇ. 2027ರ ಜನಗಣತಿ ದೇಶದ ಮೊದಲ ಡಿಜಿಟಲ್ ಜನಗಣತಿ ಎಂದು ಕೇಂದ್ರ ಸರ್ಕಾರ ಘೋಷಿಸಿದೆ. ಶಾಲೆಯ ಮಕ್ಕಳು ಕೂಡ ಯೋಜನಾಕಾರ್ಯಕ್ಕೆಂದು ಮೊಬೈಲಿನಲ್ಲಿಯೇ ಪ್ರಶ್ನಾವಳಿ ಸಿದ್ಧಪಡಿಸುತ್ತಾರೆ. ಹೆಸರು, ಊರು ಬರೆಯುವ ಚೌಕ ಸುಲಭ. ಅಂಕಿ ತುಂಬುವ ಚೌಕವೇ ಮೋಸ ಮಾಡುವಂಥದು. ಏಕೆಂದರೆ ಅಂಕಿ ನೋಡಲು ಸರಿಯಾಗಿಯೇ ಕಾಣುತ್ತದೆ!

ಚುಕ್ಕೆಯ ಚಮತ್ಕಾರ

ನಾವು ಉತಾರ ಎಂದು ಕರೆಯುವ ಪಹಣಿಯಲ್ಲಿ ಎಕರೆ, ಗುಂಟೆ, ಆಣೆಗಳ ನಡುವೆ ಚುಕ್ಕೆ ಇಡುವ ರೂಢಿ ಇದೆ. ಅದೇ ರೂಢಿಯಂತೆ ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದು ಬರೆದೆವೆನ್ನಿ. ಓದುವ ತಲಾಠಿಗೆ ಅರ್ಥ ಗೊತ್ತು. ಆದರೆ ಗಣಕಯಂತ್ರಕ್ಕೆ ಚುಕ್ಕೆ ಎಂದರೆ ದಶಮಾಂಶ ಬಿಂದು. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಆ ಹೊಲ ನಿಜಕ್ಕೂ ಎರಡೂವರೆ ಎಕರೆ, ಅಂದರೆ 2.5. ಯಂತ್ರ ತಿಳಿದುಕೊಂಡದ್ದು 2.2.

ಮೂವರು ಅಣ್ಣತಮ್ಮಂದಿರ ಹೊಲಗಳನ್ನು ಕೂಡಿಸಿ ನೋಡೋಣ. ದೊಡ್ಡವನದು 2 ಎಕರೆ 20 ಗುಂಟೆ, ನಡುವಿನವನದು 1 ಎಕರೆ 30 ಗುಂಟೆ, ಸಣ್ಣವನದು 3 ಎಕರೆ 5 ಗುಂಟೆ. ನಿಜವಾದ ಮೊತ್ತ 7 ಎಕರೆ 15 ಗುಂಟೆ. ಯಂತ್ರ 2.20, 1.30, 3.05 ಕೂಡಿಸಿ 6.55 ಎಕರೆ ಎನ್ನುತ್ತದೆ. ಅಂದರೆ 6 ಎಕರೆ 22 ಗುಂಟೆ. 33 ಗುಂಟೆ ಭೂಮಿ ಒಂದು ಚುಕ್ಕೆಯಲ್ಲಿ ಮಾಯ! ಸಣ್ಣವನದನ್ನು ಯಾರಾದರೂ ಸೊನ್ನೆ ಬಿಟ್ಟು 3.5 ಎಂದು ಒತ್ತಿದರೆ ಅದು ಮೂರೂವರೆ ಎಕರೆಯಾಗಿ, ಇಲ್ಲದ 15 ಗುಂಟೆ ಹುಟ್ಟಿಕೊಳ್ಳುತ್ತದೆ.

ಇದು ಬರೀ ಲೆಕ್ಕದ ಆಟವಲ್ಲ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ತಂದು ಹನಿ ನೀರಾವರಿಯಿಂದ ಹೊಲಗಳಿಗೆ ಕೊಡುವ ರಾಮಥಾಳ (ಮರೋಳ) ಯೋಜನೆಯ ವ್ಯಾಪ್ತಿ 24,000 ಹೆಕ್ಟೇರ್. ಅಂದರೆ ಸುಮಾರು 59,300 ಎಕರೆ. ಇಂಥಲ್ಲಿ ನೀರು, ಕೊಳವೆ, ಗೊಬ್ಬರ ಎಲ್ಲದರ ಲೆಕ್ಕವೂ ಹೊಲದ ಅಳತೆಯ ಮೇಲೆಯೇ ನಿಲ್ಲುತ್ತದೆ. ‘ಜಮೀನು ಎಷ್ಟು?’ ಎಂದಷ್ಟೇ ಕೇಳಿ ಒಂದೇ ಚೌಕ ಕೊಟ್ಟರೆ ಒಬ್ಬರು ಎಕರೆಯಲ್ಲಿ, ಇನ್ನೊಬ್ಬರು ಹೆಕ್ಟೇರಿನಲ್ಲಿ ತುಂಬುತ್ತಾರೆ. ಒಂದೇ ಹೊಲ ಎರಡೂವರೆ ಪಟ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ.

ಪರಿಹಾರ ಸರಳ. ಜನ ಹೇಳುವ ರೀತಿಯಲ್ಲಿಯೇ ಕೇಳಿರಿ. ಎಕರೆಗೆ ಒಂದು ಚೌಕ, ಗುಂಟೆಗೆ ಇನ್ನೊಂದು ಚೌಕ. ಎರಡರಲ್ಲಿಯೂ ಪೂರ್ಣಾಂಕ ಮಾತ್ರ. ಗುಂಟೆಯ ಚೌಕ 0ಯಿಂದ 39ರವರೆಗೆ ಮಾತ್ರ ಒಪ್ಪಬೇಕು. ಆಣೆಯೂ ಬೇಕಿದ್ದರೆ ಮೂರನೆಯ ಚೌಕ. 16 ಆಣೆಗೆ ಒಂದು ಗುಂಟೆಯಾದ್ದರಿಂದ ಅದಕ್ಕೆ 15ರ ಮಿತಿ. ದಶಮಾಂಶ ಮಾಡುವ ಕೆಲಸ ಯಂತ್ರಕ್ಕೆ ಬಿಡಿ. ಅದು ಅದಕ್ಕೆ ಚೆನ್ನಾಗಿ ಬರುತ್ತದೆ.

ಅಂಕಿಗಳೆಲ್ಲ ಸಂಖ್ಯೆಗಳಲ್ಲ

ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ಮೊಬೈಲ್ ಸಂಖ್ಯೆಗೂ ಗೆಳೆಯನ ಮೊಬೈಲ್ ಸಂಖ್ಯೆಗೂ ಸರಾಸರಿ ತೆಗೆದರೆ ಏನು ಸಿಗುತ್ತದೆ? ಏನೂ ಇಲ್ಲ. ಅವು ಅಂಕಿಯಲ್ಲಿ ಬರೆದ ಹೆಸರುಗಳಷ್ಟೇ. ಬಾಗಲಕೋಟೆಯ ದೂರವಾಣಿ ಸಂಕೇತ 08354 ಅನ್ನು ಸಂಖ್ಯೆಯ ಚೌಕದಲ್ಲಿ ಹಾಕಿದರೆ ಯಂತ್ರ ಮುಂದಿನ ಸೊನ್ನೆಗೆ ಬೆಲೆಯಿಲ್ಲವೆಂದು ಅದನ್ನು ಕಿತ್ತು 8354 ಮಾಡುತ್ತದೆ. ಕೆಲವು ತಂತ್ರಾಂಶಗಳಲ್ಲಿ ಪೂರ್ಣಾಂಕದ ಚೌಕಕ್ಕೆ ಮೀಸಲಿಟ್ಟ ಜಾಗ 32 ಬಿಟ್. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ನಮ್ಮ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುವ ಹತ್ತು ಅಂಕಿಯವು. ಅವು ಅಲ್ಲಿ ಹಿಡಿಯುವುದೇ ಇಲ್ಲ.

ಹಾಗಾಗಿ ಒಂದು ಪರೀಕ್ಷೆ ನೆನಪಿಡಿ: ಕೂಡಿಸಿದರೆ ಅಥವಾ ಸರಾಸರಿ ತೆಗೆದರೆ ಅರ್ಥ ಬರುತ್ತದೆಯೇ? ಬಂದರೆ ಸಂಖ್ಯೆಯ ಚೌಕ. ಇಲ್ಲದಿದ್ದರೆ ಅಕ್ಷರದ ಚೌಕ. ಅದರಲ್ಲಿ ಅಂಕಿಗಳನ್ನು ಮಾತ್ರ ಒಪ್ಪುವಂತೆ, ಇಷ್ಟೇ ಅಂಕಿ ಇರಬೇಕೆಂದು ಕಟ್ಟಳೆ ಹಾಕಬಹುದು.

ಸೊನ್ನೆ ಬೇರೆ, ಖಾಲಿ ಬೇರೆ

‘ಮನೆಯಲ್ಲಿ ಎಮ್ಮೆ ಎಷ್ಟು?’ ಎಂದು ಐದು ಮನೆಗಳಲ್ಲಿ ಕೇಳಿದಿರಿ. ಬಂದ ಉತ್ತರ 4, 0, 2, 0. ಐದನೆಯ ಮನೆಗೆ ಬೀಗ, ಚೌಕ ಖಾಲಿ. ಸರಾಸರಿ ಎಷ್ಟು? ಕೇಳಿದ ನಾಲ್ಕು ಮನೆಗಳಿಗೆ ಆರು ಎಮ್ಮೆ, ಅಂದರೆ 1.5. ಖಾಲಿ ಚೌಕವನ್ನು ಸೊನ್ನೆ ಎಂದುಕೊಂಡರೆ 1.2. ‘ಎಮ್ಮೆ ಇಲ್ಲ’ ಎಂದವರ ಚೌಕವನ್ನೂ ಖಾಲಿ ಬಿಟ್ಟಿದ್ದರೆ ಎರಡೇ ಮನೆಗಳ ಸರಾಸರಿ 3! ಕೆಲವರು ‘ಗೊತ್ತಿಲ್ಲ’ ಎನ್ನುವುದಕ್ಕೆ 99 ಎಂದು ಸಂಕೇತ ಇಟ್ಟುಕೊಳ್ಳುತ್ತಾರೆ. ಅದನ್ನು ಮರೆತು ಕೂಡಿಸಿದರೆ ಮನೆಗೆ 21 ಎಮ್ಮೆ. ಊರ ತುಂಬ ಹಾಲಿನ ಹೊಳೆ!

ಸೊನ್ನೆ ಎಂಬುದು ಒಂದು ಉತ್ತರ. ಖಾಲಿ ಎಂಬುದು ಉತ್ತರ ಇಲ್ಲದಿರುವುದು. ಆದ್ದರಿಂದ ‘ಗೊತ್ತಿಲ್ಲ’, ‘ಹೇಳಲು ಇಷ್ಟವಿಲ್ಲ’, ‘ಮನೆಗೆ ಬೀಗ’ ಎಂಬುವಕ್ಕೆ ಚೌಕದ ಪಕ್ಕದಲ್ಲಿ ಬೇರೆಯೇ ಗುರುತು ಇರಬೇಕು. ಸಂಖ್ಯೆಯ ವೇಷದಲ್ಲಿ ಅವು ಒಳಗೆ ಬರಬಾರದು.

ಬೇಲಿ ಎಷ್ಟು ಎತ್ತರ?

ಅಂಕಿಯ ಚೌಕಕ್ಕೆ ಕನಿಷ್ಠ, ಗರಿಷ್ಠ ಎಂಬ ಬೇಲಿ ಹಾಕುವುದುಂಟು. ಬೇಲಿಯೇ ಇರದಿದ್ದರೆ 12 ವರ್ಷದ ಹುಡುಗ ಬೆರಳು ಜಾರಿ 122ರ ಮುದುಕನಾಗುತ್ತಾನೆ. ಒಂದು ಉತ್ತರವನ್ನು ಇನ್ನೊಂದರೊಡನೆ ತಾಳೆ ನೋಡುವುದೂ ಅಗತ್ಯ. 1950ರ ಅಮೆರಿಕದ ಜನಗಣತಿಯಲ್ಲಿ ಹೆಂಡತಿ ತೀರಿಕೊಂಡ 14 ವರ್ಷದ ಹುಡುಗರ ಸಂಖ್ಯೆ ನಂಬಲಾಗದಷ್ಟಿತ್ತು. 1962ರಲ್ಲಿ ಕೋಲ್ ಮತ್ತು ಸ್ಟೀಫನ್ ಎಂಬ ಸಂಶೋಧಕರು ಇದರ ಗುಟ್ಟು ಬಿಡಿಸಿದರು. ಕೆಲವು ಕಾರ್ಡುಗಳಲ್ಲಿ ರಂಧ್ರಗಳು ಒಂದು ಅಂಕಣ ಬಲಕ್ಕೆ ಸರಿದು ಬಿದ್ದಿದ್ದವು! 14 ಎಂಬ ಅಂಕಿ ವಯಸ್ಸಿನ ಬೇಲಿಯೊಳಗೇ ಇತ್ತು. ವಯಸ್ಸು ಮತ್ತು ವೈವಾಹಿಕ ಸ್ಥಿತಿ ಎರಡನ್ನೂ ಒಟ್ಟಿಗೆ ನೋಡಿದಾಗಲೇ ಅನುಮಾನ ಹುಟ್ಟುವುದು.

ಹಾಗೆಂದು ಬೇಲಿ ಅತಿಯಾಗಬಾರದು. ಅಂಟಾರ್ಕ್ಟಿಕದ ಮೇಲಿನ ಓಝೋನ್ ಪದರ ತೆಳುವಾದುದನ್ನು 1985ರಲ್ಲಿ ಜಗತ್ತಿಗೆ ಸಾರಿದವರು ನೆಲದ ಮೇಲಿನಿಂದ ಅಳೆಯುತ್ತಿದ್ದ ಬ್ರಿಟಿಷ್ ವಿಜ್ಞಾನಿಗಳು. ಅಮೆರಿಕದ ನಿಂಬಸ್–7 ಉಪಗ್ರಹ ಕೂಡ ಅದನ್ನು ಕಂಡಿತ್ತು. ಆದರೆ 180 ಡಾಬ್ಸನ್ ಮಾನಕ್ಕಿಂತ ಕಡಿಮೆ ಬಂದ ಅಳತೆಗಳನ್ನು ಅದರ ತಂತ್ರಾಂಶ ಅನುಮಾನಾಸ್ಪದ ಎಂದು ಗುರುತು ಹಾಕಿ ಬದಿಗಿಡುತ್ತಿತ್ತು. ನಿಜವೇ ಬೇಲಿಯ ಆಚೆ ನಿಂತಿತ್ತು!

ನಮ್ಮ ಸಮೀಕ್ಷೆಯಲ್ಲಿ ವಯಸ್ಸಿಗೆ ಎರಡೇ ಅಂಕಿಯ ಜಾಗ ಕೊಟ್ಟರೆ ನೂರು ದಾಟಿದ ಅಜ್ಜಿ ಹೊರಗುಳಿಯುತ್ತಾಳೆ. 1ರಿಂದ ಆರಂಭಿಸಿದರೆ ವರ್ಷ ತುಂಬದ ಕೂಸು ಹೊರಗುಳಿಯುತ್ತದೆ. ಪೂರ್ಣಗೊಂಡ ವರ್ಷಗಳ ಲೆಕ್ಕದಲ್ಲಿ ಅದರ ವಯಸ್ಸು 0. ಆದ್ದರಿಂದ ಬೇಲಿ ಎರಡು ಬಗೆಯದಿರಲಿ. ಅಸಾಧ್ಯವಾದುದನ್ನು, ಉದಾಹರಣೆಗೆ 45 ಗುಂಟೆಯನ್ನು, ತಡೆಯಬೇಕು. ಅಪರೂಪದ್ದನ್ನು ತಡೆಯಬಾರದು, ‘ಇನ್ನೊಮ್ಮೆ ನೋಡಿ, ಇದು ಸರಿಯೇ?’ ಎಂದು ಕೇಳಿ ಒಳಗೆ ಬಿಡಬೇಕು.

ಯಂತ್ರಕ್ಕೆ ಕಾಣದ ತಪ್ಪು

ಯಾವ ಬೇಲಿಯೂ ಹಿಡಿಯಲಾಗದ ತಪ್ಪೊಂದಿದೆ. ಹಿರಿಯರ ವಯಸ್ಸು ಕೇಳಿದರೆ ‘ಐವತ್ತು’, ‘ಅರವತ್ತು’, ‘ಅರವತ್ತೈದು’ ಎಂಬ ಉತ್ತರವೇ ಹೆಚ್ಚು. ಭಾರತದ ಜನಗಣತಿಗಳಲ್ಲಿ 0 ಮತ್ತು 5ರಿಂದ ಕೊನೆಗೊಳ್ಳುವ ವಯಸ್ಸುಗಳು ಗುಂಪುಗೂಡುವುದು ಹಳೆಯ ಸಂಗತಿ. ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಎಂಬುದಿದೆ. 23ರಿಂದ 62 ವರ್ಷದವರನ್ನು ತೆಗೆದುಕೊಳ್ಳುವ ಈ ಸೂಚ್ಯಂಕ 100 ಬಂದರೆ ಗುಂಪುಗೂಡಿಲ್ಲ ಎಂದರ್ಥ. ಎಲ್ಲರೂ 0 ಅಥವಾ 5ರಿಂದ ಕೊನೆಗೊಳ್ಳುವ ವಯಸ್ಸನ್ನೇ ಹೇಳಿದರೆ 500. ಇಲ್ಲಿ ಯಂತ್ರವಲ್ಲ, ಕೇಳುವವರ ತಾಳ್ಮೆ ಬೇಕು. ‘ಎಪ್ಪತ್ತೆರಡರ ಬರ ಬಿದ್ದಾಗ ನೀವು ಎಷ್ಟು ದೊಡ್ಡವರಿದ್ರಿ, ಅಜ್ಜಾ?’ ಎಂದು ಕೇಳಿದರೆ ನಿಜಕ್ಕೆ ಹತ್ತಿರದ ವಯಸ್ಸು ಸಿಕ್ಕೀತು.

ಚೌಕ ಹಾಕುವ ಮುನ್ನ

● ಮಾನ ಯಾವುದು ಎಂದು ಚೌಕದ ಪಕ್ಕದಲ್ಲಿಯೇ ಬರೆಯಿರಿ: ಎಕರೆ, ಗುಂಟೆ, ರೂಪಾಯಿ, ಲೀಟರ್.
● ಪೂರ್ಣಾಂಕವೋ, ದಶಮಾಂಶವೋ ನಿರ್ಧರಿಸಿ.
● ಸೊನ್ನೆಗೂ ‘ಗೊತ್ತಿಲ್ಲ’ಕ್ಕೂ ಬೇರೆ ಬೇರೆ ದಾರಿ ಇಡಿ.
● ತಪ್ಪು ಅಂಕಿ ಬಂದಾಗ ಬರೀ ‘ತಪ್ಪು’ ಎನ್ನದೆ, ‘ಗುಂಟೆ 0ಯಿಂದ 39ರೊಳಗೆ ಇರಬೇಕು’ ಎಂದು ಕನ್ನಡದಲ್ಲಿ ತಿಳಿಸಿ.
● ಮೊದಲು ಹತ್ತು ಮನೆಗಳಲ್ಲಿ ಪರೀಕ್ಷಿಸಿ, ಕಾಗದದ ಮೇಲೆ ಕೈಯಾರೆ ಕೂಡಿಸಿ ತಾಳೆ ನೋಡಿ.

ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಓಣಿಯ ಹತ್ತು ಮನೆಗಳಿಗೆ ಇಂಥದೊಂದು ಪ್ರಶ್ನಾವಳಿ ಮಾಡಿ ನೋಡಬಹುದು. ಪಾಲಕರು ಮನೆಯ ಉತಾರವನ್ನು ಮಕ್ಕಳ ಮುಂದಿಟ್ಟು ಎಕರೆ, ಗುಂಟೆ, ಆಣೆ ಓದುವುದನ್ನು ಕಲಿಸಲಿ. ಪಠ್ಯಪುಸ್ತಕದ ದಶಮಾಂಶಕ್ಕೂ ಹೊಲದ ಲೆಕ್ಕಕ್ಕೂ ಇರುವ ವ್ಯತ್ಯಾಸ ಅಲ್ಲಿಯೇ ತಿಳಿಯುತ್ತದೆ. ನಾಳೆ ಇದೇ ಮಕ್ಕಳು ಗಣತಿದಾರರಾಗಿ, ತಂತ್ರಾಂಶ ಬರೆಯುವವರಾಗಿ ಊರೂರಿಗೆ ಹೋಗುವವರು. ರೈತ ಸರಿಯಾಗಿ ಹೇಳಿದ ಗುಂಟೆ ಸರ್ಕಾರದ ಲೆಕ್ಕದಲ್ಲಿಯೂ ಸರಿಯಾಗಿ ಉಳಿಯುವುದು ಅವರು ಹಾಕುವ ಚೌಕದ ಮೇಲೆ ನಿಂತಿದೆ.